ಬೂದಿ ಗೆರೆಯ ಮನೆ

ದೊಡ್ಡಬೀರಯ್ಯ ಜಾಲಿಮುಳ್ಳಿನ ಕೊಂಬೆಯೊಂದನ್ನು ಬೀದಿಯುದ್ದಕ್ಕೂ ದರದರ ಎಳೆದುಕೊಂಡು ಬಂದು, ತಮ್ಮನ ಮನೆಯ ಬಾಗಿಲ ಪಕ್ಕಕ್ಕೆ ಒಗೆದು, ಏದುಸಿರು ಬಿಡುತ್ತ ನಿಂತ. ತಮಟೆಯವರ ಕೈ ತಾನಾಗಿ ನಿಂತುಹೋಯಿತು. ಅಳುತ್ತಿದ್ದ ಹೆಂಗಸರು ಸೆರಗನ್ನು ಬಾಯಿಗಿಟ್ಟುಕೊಂಡೇ ಇಣುಕಿದರು. ತಮ್ಮನ ಹೆಣ ಇನ್ನೂ ಚಪ್ಪರದಡಿ ಇದೆ, ಹೂವಿನ ಹಾರ ಇನ್ನೂ ಪಿರಿಯಾಪಟ್ಟಣದಿಂದ ಬಂದಿಲ್ಲ, ಆಗಲೇ ಬಾಗಿಲಿಗೆ ಮುಳ್ಳು ಬಂದಿತ್ತು.

ಗಂಡನ ತಲೆಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂತು, ಟವೆಲಿನ ಚುಂಗಿನಿಂದ ನೊಣ ಓಡಿಸುತ್ತಿದ್ದ ಸರ್ವಮಂಗಳ ಕತ್ತೆತ್ತಿದಳು.

"ಅದ್ಯಾತಕ್ಕೆ ಬಾವ ಮುಳ್ಳು?"

"ಬಾಗ್ಲಿಗೆ ಕಣವ್ವ. ಪೂಜಾರಪ್ಪನ್ನ ಕೇಳ್ದೆ. ಧನಿಷ್ಠಾ ನಕ್ಷತ್ರದಲ್ಲಿ ಓಗವ್ನೆ ಅಂದ್ರು. ಆರು ತಿಂಗ್ಳು ಮನೆ ಬುಡಬೇಕು."

ಚಪ್ಪರದಡಿ ಗುಸುಗುಸು ಎದ್ದಿತು. ರಾವಂದೂರಿನ ಸುತ್ತಿನ ಹಳ್ಳಿಗಳಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ನಕ್ಷತ್ರದಲ್ಲಿ ಸಾವಾದ ಮನೆಯನ್ನು ಖಾಲಿ ಮಾಡಿ, ಬಾಗಿಲಿಗೆ ಮುಳ್ಳು ಕಟ್ಟಿ, ಮನೆಯವರು ಬೇರೆ ಕಡೆ ಇರಬೇಕು. ಇಲ್ಲದಿದ್ದರೆ ಅದೇ ಬಾಗಿಲಿಂದ ಇನ್ನೊಂದು ಹೆಣ ಹೊರಡುತ್ತದೆ ಎಂದು ನಂಬಿಕೆ. ದೊಡ್ಡಬೀರಯ್ಯನಿಗಂತೂ ಅದು ಬರೀ ನಂಬಿಕೆಯಾಗಿರಲಿಲ್ಲ. ಅವನ ಅಪ್ಪ ಇಂಥದೇ ನಕ್ಷತ್ರದಲ್ಲಿ ಸತ್ತಾಗ, ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯುತ್ತಿದೆ, ಈಗೆಲ್ಲಿಗೆ ಹೋಗುವುದು ಎಂದು ಇವರು ಮನೆ ಬಿಡಲಿಲ್ಲ. ಹೊಗೆಸೊಪ್ಪು ಮಾರುಕಟ್ಟೆಗೆ ಹೋಗುವುದರೊಳಗೆ ಅವ್ವನೂ ಹೋದಳು. ಅವತ್ತಿನಿಂದ ಪಂಚಾಂಗ ಕೇಳದೆ ಅವನು ಯಾವ ಕೆಲಸಕ್ಕೂ ಕೈ ಹಾಕಿದವನಲ್ಲ. ತಮ್ಮ ಕನಕರಾಜು ಬೆಳಗಿನ ಕಾಫಿ ಲೋಟ ಕೆಳಗಿಟ್ಟು, ಎದೆ ಹಿಡಿದುಕೊಂಡು, ಆಂಬುಲೆನ್ಸು ಬರುವ ಮೊದಲೇ ಹೋಗಿಬಿಟ್ಟಾಗ, ಅಣ್ಣ ಮೊದಲು ಅತ್ತ. ಆಮೇಲೆ ಮಾಡಿದ ಮೊದಲ ಕೆಲಸವೇ ಪೂಜಾರಿಗೆ ಫೋನು.

"ನಾನು ಮನೆ ಬುಡಾಕಿಲ್ಲ ಬಾವ," ಎಂದಳು ಸರ್ವಮಂಗಳ.

"ಅಂಗನ್ಬೇಡ ಕಣವ್ವ. ಇದು ಹಟ ಮಾಡೋ ಹೊತ್ತಲ್ಲ."

"ಹಟ ಅಲ್ಲ. ಈ ಮನೆ ಬುಟ್ರೆ ನಾನು ಉಚ್ಚೆ ಉಯ್ಯೋಕೆ ಎಲ್ಲಿಗೆ ಓಗ್ಲಿ, ಅದೊಂದು ಹೇಳಿ ಸಾಕು."

ಹೆಂಗಸರ ಕಡೆಯಿಂದ ಕಿಸಕ್ಕೆಂದು ಒಂದು ನಗು ಹೊರಟು, ಹೆಣ ಮುಂದಿರುವುದು ನೆನಪಾಗಿ ಅಲ್ಲೇ ಕೆಮ್ಮಾಯಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಸರ್ವಮಂಗಳ ಎಚ್.ಡಿ. ಕೋಟೆ ಕಡೆಯವಳು. ಮದುವೆಯ ವಯಸ್ಸಿನಲ್ಲಿ ಹುಲ್ಲು ತುಂಬಿದ ಟ್ರ್ಯಾಕ್ಟರಿನ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದಿತ್ತು, ಸೊಂಟದಿಂದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಊರಿನಲ್ಲಿ ಅವಳು ಯಾರ ಕೈಯನ್ನೂ ಕಾಯದೆ ಬದುಕಬಹುದಾದ ಜಾಗ ಇದೊಂದೇ. ಬಾಗಿಲುಗಳು ಅಗಲ, ನೆಲಕ್ಕೆಲ್ಲೂ ಏರುತಗ್ಗಿಲ್ಲ, ಒಲೆಯ ಕಟ್ಟೆ ಕೂತವರ ಎತ್ತರಕ್ಕೆ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ. ಸ್ವಿಚ್ಚುಗಳೂ ಕೆಳಗೇ ಇದ್ದುದರಿಂದ ಬೀದಿಯ ಮಕ್ಕಳೆಲ್ಲ ಬಂದು ಫ್ಯಾನು ಹಾಕಿ ಆರಿಸಿ, ಬೈಸಿಕೊಂಡು ಹೋಗುತ್ತಿದ್ದರು.

"ನಮ್ಮನೆಗೆ ಬಾ," ಎಂದ ದೊಡ್ಡಬೀರಯ್ಯ. "ನಾನಿಲ್ವಾ, ನಿಮ್ಮಕ್ಕ ಇಲ್ವಾ? ಅವನ್ನ ಹೊತ್ತು ಸಾಕಿದವ್ನು ನಿನ್ನ ಹೊರಾಕಿಲ್ವಾ?"

"ನನ್ನ ಭಯಾನೂ ಅದೇ ಕಣ್ ಬಾವ," ಎಂದಳು ಅವಳು.

*

ಹೊತ್ತದ್ದು ನಿಜ. ಕನಕರಾಜುವಿನ ಎರಡೂ ಕಾಲನ್ನು ಪೋಲಿಯೋ ಎಳೆತನದಲ್ಲೇ ತಿಂದಿತ್ತು. ರಾವಂದೂರಿನ ಶಾಲೆಗೆ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೋಗಿ ಬರುತ್ತಿದ್ದವನು ಅಣ್ಣ. ತಾನು ಶಾಲೆ ಬಿಟ್ಟಿದ್ದರೂ ತಮ್ಮನ ನೆಪದಲ್ಲಿ ಕಿಟಕಿಯಾಚೆ ನಿಂತು ಮಗ್ಗಿ ಕಲಿತ. ಜಾತ್ರೆಗೆ, ಮದುವೆಗೆ, ಕೊಪ್ಪದ ಸಂತೆಗೆ, ಎಲ್ಲಿಗೇ ಆದರೂ ಅಣ್ಣನ ಬೆನ್ನ ಮೇಲೊಂದು ತಲೆ ಹೆಚ್ಚಾಗಿ ಕಾಣುತ್ತಿತ್ತು. ಊರವರು ಅವರನ್ನು ಜೋಡಿತಲೆ ಎಂದೇ ಕರೆಯುತ್ತಿದ್ದರು, ದೊಡ್ಡಬೀರಯ್ಯನಿಗೆ ಅದರಲ್ಲಿ ಭಾರಿ ಹೆಮ್ಮೆ.

ಹಾಗೇ ಒಂದು ದಿನ ಪಿಂಚಣಿಯ ಕೆಲಸಕ್ಕೆಂದು ಒಂದು ಸರ್ಕಾರಿ ಕಚೇರಿಗೆ ಹೋದರು. ಅಂಗವಿಕಲರ ಟೇಬಲ್ಲು ಇದ್ದುದು ಮಹಡಿಯ ಮೇಲೆ. ಯಾವ ಪುಣ್ಯಾತ್ಮ ಅದನ್ನು ಅಲ್ಲಿಗೆ ಏರಿಸಿದ್ದನೋ! ಒಬ್ಬಳು ಮುದುಕಿ ಕೈಯೂರಿಕೊಂಡು ಕುಂಡೆಯಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ದೊಡ್ಡಬೀರಯ್ಯ ಅವಳನ್ನು ದಾಟಿ ಮೂರು ಮೆಟ್ಟಿಲು ಹತ್ತಿದ್ದ.

"ಇಳ್ಸು ಅಣ್ಣ."

"ಯಾಕ್ಲಾ, ಜೋಮು ಹಿಡೀತಾ?"

"ಇಲ್ಲ. ಕೆಳಕ್ಕೆ ಓಗಿ ಇಳ್ಸು. ನಾನು ಮೇಲಕ್ಕೆ ಬರಾಕಿಲ್ಲ. ಸಾಹೇಬ್ರೇ ಇಳಿದು ಬರ್ಲಿ."

ಕನಕರಾಜು ಮೊದಲ ಮೆಟ್ಟಿಲಿಗೆ ಅಡ್ಡಲಾಗಿ ಕೂತ. ಮುದುಕಿಯೂ ಜಾರಿಕೊಂಡು ಇಳಿದು ಬಂದು ಪಕ್ಕದಲ್ಲಿ ಕೂತಳು. ಊರುಗೋಲಿನವರು, ಕೋಲು ಹಿಡಿದ ಕುರುಡರು ಒಬ್ಬೊಬ್ಬರೇ ಸೇರಿಕೊಂಡರು. ಜವಾನ ಬೈದ, ಗುಮಾಸ್ತ ಗದರಿದ, ಯಾರೂ ಅಲುಗಲಿಲ್ಲ. ಮಧ್ಯಾಹ್ನ ಸಾಹೇಬರು ಊಟಕ್ಕೆ ಹೋಗಲು ದಾರಿಯಿಲ್ಲದೆ ಇಳಿದೇ ಬಂದರು. ಸಂಜೆಯೊಳಗೆ ಟೇಬಲ್ಲು ಬೇವಿನ ಮರದ ಕೆಳಗಿತ್ತು. ನಾಲ್ಕು ತಾಲ್ಲೂಕಿನ ಅಂಗವಿಕಲರ ಸಂಘ ಹುಟ್ಟಿದ್ದು ಆ ಮರದ ಕೆಳಗೇ, ಕನಕರಾಜು ಕನಕಣ್ಣ ಆದದ್ದೂ ಅಲ್ಲೇ.

ಬಸ್ಸಿನಲ್ಲಿ ವಾಪಸು ಬರುವಾಗ ಅಣ್ಣ, "ನನ್ನ ಬೆನ್ನೇನು ನಿಂಗೆ ಚುಚ್ತಿತ್ತೇನ್ಲಾ?" ಎಂದು ಕೇಳಿದ.

"ನಿನ್ನ ಬೆನ್ನು ಚೆಂದಾಗೈತೆ ಅಣ್ಣ. ಆದ್ರೆ ಅದು ನಿಂದು."

ದೊಡ್ಡಬೀರಯ್ಯನಿಗೆ ಅದು ಅರ್ಥವಾಗಲಿಲ್ಲ. ಬೇಜಾರಾಯಿತು, ಅಷ್ಟೇ. ಆಮೇಲೆ ತಮ್ಮ ಮೂರು ಗಾಲಿಯ ಸ್ಕೂಟರು ತಂದಾಗ ಊರಿಗೆಲ್ಲ ಖುಷಿ, ಇವನಿಗೆ ಮಾತ್ರ ಆ ಸ್ಕೂಟರನ್ನು ಕಂಡರೆ ಆಗುತ್ತಿರಲಿಲ್ಲ.

*

ಊರ ಹೊರಗಿನ ಏರಿಯ ಮೇಲೆ ಹಾರ್ನಿನ ಸದ್ದು ಕೇಳಿಸಿತು. ಒಂದಲ್ಲ, ಹತ್ತಾರು. ಹುಡುಗರು ಓಡಿದರು, ನಾಯಿಗಳು ಓಡಿದವು. ಹುಣಸೂರಿನಿಂದ, ಕೆ.ಆರ್. ನಗರದಿಂದ, ಕೋಟೆಯಿಂದ, ಪಿರಿಯಾಪಟ್ಟಣದಿಂದ ಹಿಂದೆ ಎರಡೆರಡು ಗಾಲಿ ಕಟ್ಟಿದ ಸ್ಕೂಟರುಗಳು ಸಾಲಾಗಿ ಬೀದಿಗೆ ನುಗ್ಗಿದವು. ಊರುಗೋಲುಗಳನ್ನು ಬಾವುಟದಂತೆ ಮೇಲೆತ್ತಿ, "ಕನಕಣ್ಣ ಅಮರ್ ರಹೇ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಆ ಊರು ಮಂತ್ರಿಗಳ ಮೆರವಣಿಗೆಯನ್ನೂ ಕಂಡಿತ್ತು, ಆದರೆ ಇಂಥದ್ದನ್ನು ಕಂಡಿರಲಿಲ್ಲ. ತಮಟೆಯವರಿಗೂ ಮೈಮೇಲೆ ಬಂದಂತಾಗಿ, ಸಾವಿನ ಬಡಿತ ಬಿಟ್ಟು ಬೇರೆಯದನ್ನೇ ಹಿಡಿದರು. ಹೆಣದ ಮುಂದೆ ಇದೇನು ಸಂಭ್ರಮ ಎಂದು ಹಿರಿಯರೊಬ್ಬರು ಗೊಣಗಿದರೂ ಅವರ ಕಾಲೇ ತಾಳ ಹಾಕುತ್ತಿತ್ತು.

ಎಲ್ಲರಿಗಿಂತ ಮೊದಲು ಇಳಿದವನು ವಸಂತ್. ಕೆ.ಆರ್. ನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿಯವನು, ಕನಕಣ್ಣನ ಶಿಷ್ಯ, ಮೂಗಿನ ತುದಿಯಲ್ಲೇ ಕೋಪ. ಗುರುವಿನ ಪಾದಕ್ಕೆ ಹಣೆ ಹಚ್ಚಿ, ಬಿಕ್ಕಿ ಬಿಕ್ಕಿ ಅತ್ತು, ಎದ್ದಾಗ ಮುಳ್ಳು ಕಣ್ಣಿಗೆ ಬಿತ್ತು. ವಿಷಯ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ.

"ಯಾರ್ರೀ ಅಕ್ಕನ್ನ ಮನೆಯಿಂದ ಹೊರಗಾಕೋರು? ಈಗ್ಲೇ ಕಂಪ್ಲೇಂಟ್ ಕೊಡ್ತೀನಿ! ಕಾನೂನು ಐತೆ ಕಣ್ರೀ ನಮ್ಗೆ!"

"ನನ್ನ ತಮ್ಮನ್ ಹೆಂಡ್ತಿ ಸಾಯ್ದಿದ್ರೆ ಸಾಕು ಅಂತ ನಾನಂತೀನಿ, ನೀನ್ಯಾವನ್ಲಾ ಕಾನೂನು ಹೇಳೋಕೆ?" ಎಂದು ದೊಡ್ಡಬೀರಯ್ಯ ಟವೆಲು ಕೊಡವಿದ. ಎರಡೂ ಕಡೆಯವರು ಎದೆ ಮುಂದೆ ಮಾಡಿ ಬಂದರು.

"ವಸಂತ, ಸುಮ್ಕಿರು," ಎಂದಳು ಸರ್ವಮಂಗಳ. "ಬಾವಂಗೆ ಇರೋದು ಭಯ. ಅದರ ಮೇಲೆ ಕಂಪ್ಲೇಂಟ್ ಕೊಡೋಕಾಗ್ತದಾ?" ಆಮೇಲೆ ಬಾವನ ಕಡೆ ತಿರುಗಿದಳು. "ಬಾವ, ನಿಮ್ಮ ಮಾತಿಗೆ ಇಲ್ಲ ಅನ್ನಲ್ಲ. ಮನೆ ಬುಡ್ತೀನಿ. ಈ ಬೀದೀಲಿ ನಾನು ನಾನಾಗೇ ಒಳೀಕೆ ಓಗಿ, ನಾನಾಗೇ ಬಚ್ಚಲಿಗೂ ಓಗಿ ಬರೋ ಅಂಥ ಒಂದು ಮನೆ ತೋರ್ಸಿ. ಆರು ತಿಂಗ್ಳಲ್ಲ, ಒಂದು ವರ್ಷ ಇರ್ತೀನಿ."

"ಈಗ್ಲಾ?"

"ಈಗ್ಲೇ. ಅವರೂ ನೋಡ್ಲಿ," ಎಂದು ಗಂಡನ ಮುಖದ ಮೇಲಿನ ನೊಣವನ್ನು ಕೊನೆಯ ಸಲ ಓಡಿಸಿ, ಟವೆಲನ್ನು ಓರಗಿತ್ತಿ ಚಾಮುಂಡಮ್ಮನ ಕೈಗೆ ಕೊಟ್ಟು, ಗಾಲಿಗೆ ಕೈ ಹಾಕಿದಳು.

*

ಮದುವೆಗೆ ಮೊದಲು ಕನಕರಾಜು ಅವಳನ್ನು ಈ ಊರಿಗೆ ಕರೆಸಿದ್ದು ಹುಡುಗನ ಮನೆ ತೋರಿಸಲು. ಬಂದು ನೋಡಿದರೆ ಮನೆಯೇ ಇಲ್ಲ, ಖಾಲಿ ನಿವೇಶನ. ಅದರ ತುಂಬ ಬೂದಿ. ಬ್ಯಾರನ್ನಿನ ಒಲೆಯಿಂದ ಬೂದಿ ತರಿಸಿ, ನೆಲದ ಮೇಲೆ ಇಡೀ ಮನೆಯನ್ನು ಗೆರೆ ಎಳೆದು ಬರೆದಿದ್ದ.

"ಇದು ಬಾಗ್ಲು, ಇದು ಅಡುಗೆಮನೆ. ಒಳೀಕೆ ಬಾ," ಎಂದ.

ಊರೆಲ್ಲ ಬೇಲಿಯ ಮೇಲೆ ಕೂತು ನೋಡುತ್ತಿತ್ತು. ಅವಳಿಗೆ ನಾಚಿಕೆ, ಜೊತೆಗೆ ತಡೆಯಲಾರದ ನಗು. ಆದರೂ ಕುರ್ಚಿ ಉರುಳಿಸಿಕೊಂಡು ಒಳಗೆ ಹೋದಳು. ಗಾಳಿಯಲ್ಲೇ ಒಲೆ ಹಚ್ಚಿದಳು, ಗಾಳಿಯಲ್ಲೇ ಮುದ್ದೆ ತಿರುವಿದಳು. ಹಿಂದಕ್ಕೆ ತಿರುಗುವಾಗ ಗಾಲಿ ಬೂದಿಯ ಗೆರೆ ತುಳಿಯಿತು. "ಗೋಡೆ ಬಿತ್ತು!" ಎಂದು ಬೇಲಿಯ ಮೇಲಿನವರು ಹೋ ಎಂದರು. ಕನಕರಾಜು ತೆವಳಿಕೊಂಡು ಬಂದು, ಅಂಗೈಯಿಂದ ಆ ಗೆರೆ ಅಳಿಸಿ, ಒಂದು ಮೊಳ ಆಚೆಗೆ ಹೊಸ ಗೆರೆ ಎಳೆದ. "ತಿರುಗಿ ಬಾ." ಅವಳು ತಿರುಗಿ ಬಂದಳು. ಬಚ್ಚಲ ಗೆರೆಯನ್ನು ಮತ್ತೆ ಮತ್ತೆ ತುಳಿದಳು, ಅವನು ಮತ್ತೆ ಮತ್ತೆ ಅಳಿಸಿದ. ಕೊನೆಗೆ ಎಲ್ಲೂ ಗೆರೆ ತುಳಿಯದೆ ಅವಳು ಮನೆಯೆಲ್ಲ ಸುತ್ತಿ ಹೊರಬಂದಾಗ ಅವನ ಮುಖ, ಕೂದಲು, ಅಂಗಿ ಎಲ್ಲ ಬೂದಿಮಯ. ಯಾವುದೋ ಬಾಬಾನನ್ನು ಕಟ್ಟಿಕೊಳ್ಳುತ್ತಿದ್ದೇನೆ ಎನಿಸಿತು ಅವಳಿಗೆ. ಆ ಕ್ಷಣದಲ್ಲೇ ಒಪ್ಪಿಬಿಟ್ಟಳು.

ಸರ್ಕಾರ ಮಂಜೂರು ಮಾಡಿದ ಆ ಮನೆಗೆ ನಕಾಶೆ ಹಿಡಿದು ಬಂದ ಇಂಜಿನಿಯರು, ಎಲ್ಲ ಮನೆಗೂ ಒಂದೇ ಅಳತೆ ಎಂದು ವಾದ ಮಾಡಿದ. ಕನಕರಾಜು ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಬೇರೆಯ ಬೂದಿಯಲ್ಲಿ ಅವನ ನಕಾಶೆಯನ್ನೇ ಬರೆದು, ಒಳಗೆ ಬಿಟ್ಟ. ಇಂಜಿನಿಯರು ಎಲ್ಲ ಗೋಡೆಯನ್ನೂ ಬೀಳಿಸಿ ಹೊರಬಂದು ಬೆವರು ಒರೆಸಿಕೊಂಡ. ಆಮೇಲೆ ನಾಲ್ಕೂ ತಾಲ್ಲೂಕಿನಲ್ಲಿ ಎಲ್ಲೇ ಅಂಗವಿಕಲರಿಗೆ ಮನೆ ಮಂಜೂರಾಗಲಿ, ಕನಕಣ್ಣ ಒಂದು ಚೀಲ ಬೂದಿ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋಗುವನು.

*

ಸರ್ವಮಂಗಳ ಮುಂದೆ, ಊರು ಹಿಂದೆ, ಸ್ಕೂಟರುಗಳು ಅದರ ಹಿಂದೆ. ಮೊದಲ ಮನೆಗೆ ಎದೆಮಟ್ಟದ ಜಗಲಿ. ಎರಡನೆಯದಕ್ಕೆ ಚರಂಡಿಯ ಮೇಲೆ ಒಂಟಿ ಕಲ್ಲಿನ ಚಪ್ಪಡಿ. ಅದರಾಚೆಯ ಮನೆಗೆ ಹೊಸದಾಗಿ ಗ್ರಾನೈಟಿನ ಮೆಟ್ಟಿಲು, ಮಿರಮಿರ ಮಿಂಚುತ್ತಿತ್ತು. ಮನೆಯೊಡೆಯ ಅದನ್ನು ಮೊದಲ ಸಲ ನೋಡುವವನಂತೆ ನೋಡಿ ತಲೆ ಕೆರೆದುಕೊಂಡ.

"ಅಲ್ಲ ಕಣಕ್ಕ," ಎಂದಳು ಎದುರುಮನೆಯ ರಾಧಾ, ಇದ್ದಕ್ಕಿದ್ದಂತೆ. "ನೀವು ಬಂದು ಇಷ್ಟು ವರ್ಷ ಆಯ್ತು. ನಾನು ದಿನಾ ನಿಮ್ಮನೇಲಿ ಕಾಪಿ ಕುಡಿದಿವ್ನಿ. ನೀವು ನಮ್ಮನೆ ಒಳಗೆ ಒಂದ್ಸಲಾನೂ ಬಂದಿಲ್ವಲ್ಲ!"

"ನಿಮ್ಮನೆ ಅಂತಲ್ಲ ಕಣೇ. ಈ ಊರಲ್ಲಿ ಯಾರ ಮನೆ ಒಳಗೂ ಓಗಿಲ್ಲ," ಎಂದಳು ಸರ್ವಮಂಗಳ. ಅವಳ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ಎಲ್ಲರಿಗೂ ಚುರುಕ್ಕೆಂದಿತು.

ರಾಧಾ ಸೆರಗು ಸಿಕ್ಕಿಸಿದಳು. "ಎಲ್ಲಾ, ಬ್ಯಾರನ್ ಬಾಗ್ಲು ಕಿತ್ಕೊಂಡ್ ಬರ್ರೋ, ಮೆಟ್ಲಿಗೆ ಹಾಸೋಣ!"

ಅಲ್ಲಿಂದ ಬೀದಿಗೆ ಹುಚ್ಚು ಹಿಡಿಯಿತು. ಬ್ಯಾರನ್ನಿನ ಬಾಗಿಲು ಬಂತು, ಮಂಚದ ಹಲಗೆ ಬಂತು, ಯಾರೋ ಗಾಡಿಯ ಮೂಕಿಯನ್ನೇ ಎತ್ತಿಕೊಂಡು ಬಂದರು. ನಮ್ಮನೆಗೆ ಮೊದಲು, ನಮ್ಮನೆಗೆ ಮೊದಲು ಎಂದು ಹೆಂಗಸರು ಕಿತ್ತಾಡಿದರು. ಎಷ್ಟು ಇಳಿಜಾರು ಬೇಕು ಎಂದು ವಸಂತ್ ಊರುಗೋಲಿನಲ್ಲಿ ತೋರಿಸುತ್ತ ಕಿರುಚುತ್ತಿದ್ದ. "ಕನಕಣ್ಣ ಇದ್ದಿದ್ರೆ ಕೆನ್ನೆಗೆ ಬಿಡ್ತಿದ್ದ! ಒಸಿ ಉದ್ದಕ್ಕೆ ಹಾಕ್ರಿ, ಉದ್ದಕ್ಕೆ!" ದೊಡ್ಡಬೀರಯ್ಯ ಮಾತ್ರ ದೂರ ನಿಂತಿದ್ದ. ಒಳಗೊಳಗೇ ಒಂದೇ ಒಂದು ಮನೆ ಸರಿಹೋಗಲಿ ದೇವರೇ ಎಂದು ಬೇಡುತ್ತಿದ್ದ.

ಸರ್ವಮಂಗಳ ಬ್ಯಾರನ್ನಿನ ಬಾಗಿಲ ಮೇಲೆ ಗಾಲಿ ತಳ್ಳಿದಳು. ಹಲಗೆ ಕಿರುಗುಟ್ಟಿತು. ಇನ್ನೊಂದು ತಳ್ಳು, ಇನ್ನೊಂದು, ಅವಳು ಒಳಗಿದ್ದಳು! ತಮಟೆ ಸಿಡಿಯಿತು, ಶಿಳ್ಳೆ ಬಿತ್ತು. ರಾಧಾಳ ಮನೆಯ ನಡುವೆ ಕುರ್ಚಿ ನಿಲ್ಲಿಸಿ ಅವಳು ಸುತ್ತಲೂ ನೋಡಿದಳು. ಗೋಡೆಯ ಮೇಲೆ ಮದುವೆಯ ಫೋಟೋ, ಮೂಲೆಯಲ್ಲಿ ರಾಗಿ ಡ್ರಮ್ಮು, ಟಿವಿಯ ಮೇಲೆ ಕಸೂತಿಯ ಬಟ್ಟೆ. ಎಲ್ಲರ ಮನೆಯಲ್ಲೂ ಇರುವಂಥದೇ. ಅವಳಿಗೆ ಮಾತ್ರ ಹೊಸದು. ಗಂಡ ಸತ್ತ ದಿನ ಇಷ್ಟು ಖುಷಿಯಾಗಬಹುದೇ ಎಂದು ನಾಚಿಕೆಯಾಯಿತು, ಆದರೂ ಖುಷಿಯಾಯಿತು.

"ಬಚ್ಚಲೆಲ್ಲಿ ರಾಧಾ?"

ರಾಧಾಳ ಮುಖ ಇಳಿಯಿತು. ಬಚ್ಚಲು ಹಿತ್ತಲಿನಲ್ಲಿ, ಕಲ್ಲಿನ ಮೆಟ್ಟಿಲು ಇಳಿದು, ಕೊಟ್ಟಿಗೆ ದಾಟಿ. ಅದರ ಬಾಗಿಲಲ್ಲಿ ರಾಧಾಳೇ ಮೈ ಅಡ್ಡ ತಿರುಗಿಸಿ ಒಳಗೆ ಹೋಗಬೇಕು. ಇನ್ನೆರಡು ಮನೆ ನೋಡಿದರು. ಹಲಗೆ ಹಾಕಿ ಒಳಗೆ ಹೋಗುವುದೇನೋ ಆಯಿತು, ಬಚ್ಚಲಿನ ಹತ್ತಿರ ಎಲ್ಲ ನಿಂತುಹೋಯಿತು.

ಕೊನೆಗೆ ದೊಡ್ಡಬೀರಯ್ಯನ ಮನೆ. ಅಪ್ಪ ಕಟ್ಟಿಸಿದ ಎತ್ತರದ ಮೆಟ್ಟಿಲು. ಹಲಗೆ ಮೇಲಕ್ಕೆ ಮುಟ್ಟಿತು, ಆದರೆ ಏಣಿಯಂತೆ ನೆಟ್ಟಗೆ ನಿಂತಿತು. ಅವಳು ಅರ್ಧ ಏರಿದಳು, ಕೈ ಸೋತಿತು, ಕುರ್ಚಿ ಹಿಂದಕ್ಕೆ ಜಾರಿತು. ದೊಡ್ಡಬೀರಯ್ಯ ಹಾರಿ ಬಂದು ಬೆನ್ನು ಕೊಟ್ಟು ತಡೆದ.

"ನಾನಿವ್ನಿ ಬುಡು. ಎತ್ಕೊಂಡೇ ಓಯ್ತೀನಿ."

"ಎತ್ಕೊಂಡು ಓಗ್ಬೋದು ಬಾವ. ನಿಮ್ಮ ಬೆನ್ನು ಚೆಂದಾಗೈತೆ," ಎಂದಳು ಅವಳು, ತಿರುಗಿ ನೋಡದೆ. "ರಾತ್ರಿ ಎರಡು ಸಲ ಏಳ್ತೀನಿ. ನಿಮ್ಮನ್ನ ಎಬ್ಬಿಸಬೇಕು. ಅದಕ್ಕೆ ನಾಚ್ಕೊಂಡು ನೀರು ಕುಡಿಯೋದು ಬುಡ್ತೀನಿ. ತವರಲ್ಲಿ ಅಂಗೇ ಇದ್ದೆ, ಕಿಡ್ನಿ ಕೆಟ್ಟು ಸಾಯೋ ಅಂಗಾಗಿತ್ತು. ಆ ಮನೇಲಿದ್ರೆ ಸಾಯ್ತೀನಿ ಅಂತೀರಿ. ಈ ಮನೇಲೂ ಅಷ್ಟೇ ಕಣ್ ಬಾವ."

ಟವೆಲನ್ನು ಬೇರೆಯವರ ಕೈಗೆ ಕೊಟ್ಟು ಬಂದಿದ್ದ ಚಾಮುಂಡಮ್ಮ ಗಂಡನ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದಳು: "ನಾನೇ ಈ ಮೆಟ್ಲು ಹತ್ತೋಕೆ ಗೋಡೆ ಹಿಡ್ಕೋತೀನಿ. ಯಾವತ್ತಾದ್ರೂ ನೋಡಿದ್ದೀಯಾ?"

ದೊಡ್ಡಬೀರಯ್ಯ ಕುರ್ಚಿಯನ್ನು ಹಿಡಿದುಕೊಂಡು, ನಿಧಾನವಾಗಿ, ಹಿಂದಕ್ಕೆ ಇಳಿಸಿದ.

*

ಮಣ್ಣು ಮಾಡಿದ್ದು ಅವರದೇ ಹೊಲದಲ್ಲಿ, ಅಪ್ಪ ಅವ್ವನ ಪಕ್ಕದಲ್ಲಿ. ಸ್ಕೂಟರುಗಳು ಬದುವಿನ ತನಕ ಹೋದವು, ಅಲ್ಲಿಂದ ಮುಂದಕ್ಕೆ ಊರ ಹುಡುಗರು ಹಲಗೆ ಹಾಸುತ್ತ, ಎತ್ತುತ್ತ, ಮತ್ತೆ ಮುಂದೆ ಹಾಸುತ್ತ ಎಲ್ಲರನ್ನೂ ಗುಂಡಿಯ ಅಂಚಿಗೆ ತಲುಪಿಸಿದರು. ಯಾರನ್ನೂ ಎತ್ತಬೇಕಾಗಲಿಲ್ಲ. ಸರ್ವಮಂಗಳ ಮೊದಲ ಹಿಡಿ ಮಣ್ಣು ಹಾಕಿದಳು. ಆಗ ಅತ್ತಳು, ಬೆಳಗಿನಿಂದ ತಡೆದಿಟ್ಟದ್ದನ್ನೆಲ್ಲ ಸೇರಿಸಿ ಅತ್ತಳು.

ಮಣ್ಣು ಮಾಡಿ ಬಂದವರು ಸತ್ತವರ ಮನೆಯಲ್ಲಿ ದೀಪ ನೋಡಿ ಹೋಗಬೇಕು. ದೀಪ ಎಲ್ಲಿಡುವುದು ಎಂದು ಎಲ್ಲರೂ ದೊಡ್ಡಬೀರಯ್ಯನನ್ನೇ ನೋಡುತ್ತಿದ್ದರು. ಅವನು ಮುಳ್ಳಿನ ಕೊಂಬೆಯನ್ನು ಎಳೆದುಕೊಂಡು ಹೋಗಿ ಬ್ಯಾರನ್ನಿನ ಒಲೆಯ ಬಾಯಿಗೆ ತುರುಕಿ ಬಂದ. "ಒಳಗೇ ಇಡವ್ವ ದೀಪ," ಎಂದು ಹೇಳಿ, ಯಾರ ಮುಖವನ್ನೂ ನೋಡದೆ ತನ್ನ ಮನೆಯ ಕಡೆ ನಡೆದುಬಿಟ್ಟ.

ಜನ ದೀಪ ನೋಡಿ, ಕೈಮುಗಿದು, ಚದುರಿದರು. ಸ್ಕೂಟರುಗಳು ಏರಿಯ ಮೇಲೆ ಸಾಲಾಗಿ ಮರೆಯಾದವು. ಬ್ಯಾರನ್ ಬಾಗಿಲನ್ನು ವಾಪಸು ತೆಗೆಯಲು ಬಂದ ಗಂಡನನ್ನು ರಾಧಾ ಗದರಿಸಿದಳು: "ಅಲ್ಲೇ ಇರ್ಲಿ ಬುಡಿ. ನಾಳೆ ಅಕ್ಕ ಕಾಪಿಗೆ ಬತ್ತಾರೆ."

ಸಂಜೆ ಇಳಿಯುವ ಹೊತ್ತಿಗೆ ದೊಡ್ಡಬೀರಯ್ಯ ಹಿಂದಿರುಗಿದ. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಚಾಪೆ. ಹಿಂದೆ ಚಾಮುಂಡಮ್ಮ, ಕೈಯಲ್ಲಿ ಮುದ್ದೆ ಸಾರಿನ ಪಾತ್ರೆ.

"ಏನ್ ಬಾವ ಇದು?" ಎಂದಳು ಸರ್ವಮಂಗಳ.

"ಆರು ತಿಂಗ್ಳು ನಾವೂ ಇಲ್ಲೇ ಇರ್ತೀವಿ. ನಿಮ್ಮಕ್ಕ ಒಳಗೆ ಮಲೀಕೊಳ್ಳಲಿ. ನಾನು ಬಾಗ್ಲಲ್ಲಿ."

"ನಿಮ್ಗೆ ಭಯ ಇಲ್ವಾ?"

"ಐತೆ ಕಣವ್ವ," ಎಂದ ದೊಡ್ಡಬೀರಯ್ಯ. "ಬೋ ಭಯ ಐತೆ. ಬರೋದು ಬಂದ್ರೆ ಮೊದ್ಲು ನನ್ನ ದಾಟ್ಕೊಂಡು ಬರ್ಲಿ."

ಚಾಪೆಯನ್ನು ಬಾಗಿಲಿಗೆ ಅಡ್ಡಲಾಗಿ ಹಾಸಿ, ಕಂಬಳಿ ಹೊದ್ದು, ಬೀದಿಗೆ ಮುಖ ಮಾಡಿ ಉದ್ದಕ್ಕೆ ಮಲಗಿದ. ಆ ಅಗಲದ ಬಾಗಿಲನ್ನು ಅವನ ಮೈ ಪೂರ್ತಿ ಅಡ್ಡಗಟ್ಟಿತು. ಆಮೇಲೆ ಬೆನ್ನ ಹಿಂದೆ ಗಾಲಿಯ ಸದ್ದು ಬಂತು.

"ಬಾವ, ಒಸಿ ಕಾಲು ತೆಗೀರಿ. ಬೀದಿ ಕಸ ಗುಡಿಸಬೇಕು, ಹೂವೆಲ್ಲ ಬಿದ್ದವೆ."

ದೊಡ್ಡಬೀರಯ್ಯ ತಟ್ಟನೆ ಎದ್ದು ಕೂತು, ಎರಡೂ ಮೊಣಕಾಲನ್ನು ಎದೆಗೆ ಅವಚಿಕೊಂಡ. ಪೊರಕೆಯನ್ನು ತೊಡೆಯ ಮೇಲಿಟ್ಟುಕೊಂಡು ಸರ್ವಮಂಗಳ ಅವನ ಪಾದದ ಪಕ್ಕದಲ್ಲೇ ಚಾಪೆಯ ಅಂಚನ್ನು ತುಳಿಯುತ್ತ ಹೊರಗಿಳಿದಳು. ಅವಳು ಗುಡಿಸಿ ಮುಗಿಸಿ ಬರುವ ತನಕ ಅವನು ಕಾಲು ಚಾಚಲಿಲ್ಲ, ಹಾಗೇ ಮುದುಡಿಕೊಂಡು, ದಾರಿ ಬಿಟ್ಟು ಕೂತಿದ್ದ.